ಅಜ್ಜನ ಕಾಗದದಲ್ಲಿ ‘ಮುಂಬೈ ಇಲಾಖೆ’ ಅಂತಿದ್ದರೆ ನಾವು ಮಹಾರಾಷ್ಟ್ರದವರಾ?

ಹಳೆ ದಾಖಲೆ ಓದುವುದೇ ನನ್ನ ಕೆಲಸ. ಈ ಪ್ರಶ್ನೆ ಇಷ್ಟು ಸಲ ಬಂದಿದೆ ಎಂದರೆ, ಈಗ ಉತ್ತರ ಬರೆಯದೆ ಬೇರೆ ದಾರಿಯಿಲ್ಲ.

ಪ್ರಶ್ನೆ: ನಮ್ಮದು ಗದಗ ಜಿಲ್ಲೆಯ ರೋಣ ತಾಲ್ಲೂಕು. ಮುತ್ತಜ್ಜನ 1931ರ ಖರೀದಿ ಪತ್ರದಲ್ಲಿ ‘ತಾಲೂಕು ರೋಣ, ಜಿಲ್ಲಾ ಧಾರವಾಡ, ಇಲಾಖೆ ಮುಂಬೈ’ ಅಂತಿದೆ. ಊರು ಮೊದಲು ಮಹಾರಾಷ್ಟ್ರದಲ್ಲಿತ್ತಾ? ಇದನ್ನು ಸರಿ ಮಾಡಿಸಬೇಕು ಅಂತ ಒಬ್ಬ ಏಜೆಂಟ್ 15 ಸಾವಿರ ಕೇಳುತ್ತಿದ್ದಾನೆ.

ಉತ್ತರ: ಒಂದು ರೂಪಾಯಿಯನ್ನೂ ಕೊಡಬೇಡಿ. ಕಾಗದದಲ್ಲಿ ತಪ್ಪೇ ಇಲ್ಲ, ಸರಿ ಮಾಡಿಸುವುದು ಏನನ್ನು? ಬರೆದ ದಿನ ಯಾವ ಜಿಲ್ಲೆ ಇತ್ತೋ ಅದನ್ನೇ ಬರೆದಿದ್ದಾರೆ. ಜನರ ಹೆದರಿಕೆಯಲ್ಲಿ ಹೊಟ್ಟೆ ಹೊರೆಯುವ ಇಂಥವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಮಹಾರಾಷ್ಟ್ರ ಹುಟ್ಟಿದ್ದು 1960ರ ಮೇ 1ಕ್ಕೆ. ಧಾರವಾಡ, ವಿಜಾಪುರ, ಉತ್ತರ ಕನ್ನಡ ಮತ್ತು ಚಂದಗಡ ತಾಲ್ಲೂಕು ಬಿಟ್ಟು ಉಳಿದ ಬೆಳಗಾವಿ ಜಿಲ್ಲೆ ನಮ್ಮ ಕಡೆ ಬಂದದ್ದು 1956ರ ನವೆಂಬರ್ 1ಕ್ಕೆ. ಇನ್ನೂ ಹುಟ್ಟದ ರಾಜ್ಯದಲ್ಲಿ ನಿಮ್ಮ ಮುತ್ತಜ್ಜ ಇರುವುದು ಹೇಗೆ? ಮುಂಬೈ ಇಲಾಖೆ ಎಂದರೆ ಬ್ರಿಟಿಷರ ಪ್ರಾಂತ್ಯ. ಪೇಶ್ವೆಗಳು ಸೋತ 1818ರ ನಂತರ ನಿಮ್ಮ ಭಾಗ ಕಂಪನಿಯ ಕೈಗೆ ಹೋಯಿತು, ಮುಂದೆ ಈ ಪ್ರಾಂತ್ಯಕ್ಕೆ ಸೇರಿತು. ಅಹಮದಾಬಾದ್ ಕೂಡ ಅದರಲ್ಲೇ ಇತ್ತು. 1936ರವರೆಗೆ ಕರಾಚಿಯೂ ಇತ್ತು! ಕರಾಚಿಯವರನ್ನು ಮಹಾರಾಷ್ಟ್ರದವರು ಅಂತ ಯಾರಾದರೂ ಕರೆಯುತ್ತಾರಾ?

ಈ ಗೆರೆಗಳನ್ನು ಎಳೆದದ್ದು ಆಡಳಿತದ ಅನುಕೂಲಕ್ಕೆ, ಭಾಷೆ ನೋಡಿ ಅಲ್ಲ. ಕಾರವಾರದ ಕಡೆಯ ಊರುಗಳನ್ನೇ ನೋಡಿ. 1799ರಲ್ಲಿ ಟಿಪ್ಪು ಸತ್ತ ಮೇಲೆ ಮದ್ರಾಸಿಗೆ ಸೇರಿದವು, 1862ರಲ್ಲಿ ಮುಂಬೈಗೆ ಹೋದವು. ಜನ ಮಾತ್ರ ಅಲ್ಲೇ ಇದ್ದರು.

ಹಳೆ ವಿಳಾಸವನ್ನು ಚಿಕ್ಕದರಿಂದ ದೊಡ್ಡದಕ್ಕೆ ಓದಿ. ಮೊದಲು ಊರಿನ ಹೆಸರು, ಸರ್ವೆ ನಂಬರ್. ಹಿಸ್ಸಾ ಆಗಿದ್ದರೆ, ಅಂದರೆ ಜಮೀನು ಪಾಲಾಗಿದ್ದರೆ, ಪಹಣಿಯಲ್ಲಿ ಜೋಡಿಸಿ ನೋಡಿ. ಆಮೇಲೆ ತಾಲ್ಲೂಕು. ಜಿಲ್ಲೆ, ಪ್ರಾಂತ್ಯ ಬದಲಾಗುತ್ತಲೇ ಇರುತ್ತವೆ. ಗದಗ ಧಾರವಾಡದಿಂದ ಬೇರೆಯಾಗಿದ್ದು 1997ರಲ್ಲಿ, ಅಷ್ಟೇ. ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯ ಕಾಗದ ಸಿಕ್ಕರೂ ‘ನಾವು ಮರಾಠಿಗರು’ ಅಂತ ಹೊರಡಬೇಡಿ, ಅದು ದಫ್ತರದ ರೂಢಿ. ಇನ್ನೊಂದು ಮಾತು: ಪತ್ರವನ್ನು ದಯವಿಟ್ಟು ಲ್ಯಾಮಿನೇಟ್ ಮಾಡಿಸಬೇಡಿ. ಮಡಿಕೆಯಲ್ಲಿ ಹರಿದ ಜಾಗಕ್ಕೆ ಟೇಪ್ ಕೂಡ ಬೇಡ.

ಪ್ರಶ್ನೆ: ಕರ್ನಾಟಕ ಅನ್ನೋ ಹೆಸರು 1956ರಲ್ಲೇ ಬಂತು ಅಲ್ವಾ?

ಉತ್ತರ: ಇಲ್ಲ, 1973ರಲ್ಲಿ. ಅಲ್ಲಿಯವರೆಗೆ ಮೈಸೂರು ರಾಜ್ಯ.

ಪ್ರಶ್ನೆ: ವಿಜಯನಗರ ಜಿಲ್ಲೆ ಆದ ಮೇಲೆ ನಮ್ಮ ಬಳ್ಳಾರಿ ಜಿಲ್ಲೆಯ ಕ್ರಯಪತ್ರ ರದ್ದಾಗುತ್ತಾ?

ಉತ್ತರ: ಆಗುವುದಿಲ್ಲ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಪ್ರಶ್ನೆ: ಕೊಳ್ಳೇಗಾಲದ ಅಜ್ಜಿಯ ಕಾಗದದಲ್ಲಿ ಕೊಯಮತ್ತೂರು ಜಿಲ್ಲೆ ಅಂತಿದೆ, ನಕಲಿಯೇ?

ಉತ್ತರ: 1956ಕ್ಕಿಂತ ಹಿಂದಿನದಾದರೆ ಜಿಲ್ಲೆಯ ಹೆಸರು ಸರಿಯಾಗೇ ಇದೆ, ಆಗ ಕೊಳ್ಳೇಗಾಲ ಅಲ್ಲೇ ಇತ್ತು. ಜೋಪಾನವಾಗಿ ಇಟ್ಟುಕೊಳ್ಳಿ.