ಶಿಲ್‌ಫಾಟಾ ಟ್ರಾಫಿಕ್‌ನಲ್ಲಿ ಕಾರು ಗಡಗಡ ನಡುಗುತ್ತದೆ, ಗೇರ್‌ಬಾಕ್ಸ್ ಹೋಗಿದೆಯಾ?

ಪ್ರಶ್ನೆ: ನಾವು ಮುಂಬೈ ಹತ್ತಿರದ ಡೊಂಬಿವಲಿಯವರು. ಮೂರು ತಿಂಗಳ ಹಿಂದೆ 58,000 ಕಿ.ಮೀ. ಓಡಿದ ಸೆಕೆಂಡ್ ಹ್ಯಾಂಡ್ ಆಟೊಮ್ಯಾಟಿಕ್ ಪೆಟ್ರೋಲ್ ಕಾರು ತಗೊಂಡೆ. ಡ್ರೈ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್, ಅಂದರೆ ಎಣ್ಣೆಯಲ್ಲಿ ಮುಳುಗಿರದ ಎರಡು ಕ್ಲಚ್ ಇರುವಂಥದ್ದು. ಬೆಳಿಗ್ಗೆ ಹೊರಟಾಗ ಚೆನ್ನಾಗಿರುತ್ತದೆ. ಶಿಲ್‌ಫಾಟಾದಲ್ಲಿ ಅರ್ಧ ಗಂಟೆ ತೆವಳಿದ ಮೇಲೆ, 10–15 ಕಿ.ಮೀ. ವೇಗದಲ್ಲಿ ಇಡೀ ಕಾರು ನಡುಗುತ್ತದೆ. ಉಡುಪಿಗೆ ಹೋಗಿ ಬಂದೆವು, ಹೈವೇಯಲ್ಲಿ ಒಂದು ಸಲವೂ ತೊಂದರೆ ಆಗಲಿಲ್ಲ. ಒಬ್ಬ ಮೆಕ್ಯಾನಿಕ್ ಗೇರ್ ಆಯಿಲ್ ಬದಲಿಸಿ ಅಂತಾರೆ, ಇನ್ನೊಬ್ಬರು ಗೇರ್‌ಬಾಕ್ಸೇ ಹೋಗಿದೆ ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರಿಗೂ ದುಡ್ಡು ಕೊಡಬೇಡಿ. ನಿಮ್ಮ ಪತ್ರದಲ್ಲೇ ಒಳ್ಳೆಯ ಸುಳಿವಿದೆ: ತಣ್ಣಗಿದ್ದಾಗ ಸರಿ, ಬಿಸಿಯಾದಾಗ ನಡುಕ, ಹೈವೇಯಲ್ಲಿ ಏನೂ ಇಲ್ಲ. ಇದು ಕ್ಲಚ್ ಕಡೆಗೆ, ಅಂದರೆ ಎಂಜಿನ್ನನ್ನು ಗೇರ್‌ಬಾಕ್ಸ್‌ಗೆ ಜೋಡಿಸಿ ಬಿಡಿಸುವ ಭಾಗದ ಕಡೆಗೆ, ಬೊಟ್ಟು ಮಾಡುತ್ತದೆ. ಹೈವೇಯಲ್ಲಿ ಕ್ಲಚ್ ಪೂರ್ತಿ ಹಿಡಿದುಕೊಂಡಿರುತ್ತದೆ. ತೆವಳುವಾಗ ಅರ್ಧ ಹಿಡಿದು ಅರ್ಧ ಜಾರುತ್ತಾ ಇರುತ್ತದೆ. ಆ ಉಜ್ಜಾಟದಲ್ಲಿ ಪ್ಲೇಟ್ ಕಾಯುತ್ತದೆ. ಕಾದ ಪ್ಲೇಟ್ ಒಂದೇ ಸಮ ಜಾರದೆ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡಿದಾಗ ಅದೇ ನಿಮಗೆ ನಡುಕವಾಗಿ ತಿಳಿಯುತ್ತದೆ.

ಆದರೂ ನೀವೇ ಒಮ್ಮೆ ಪರೀಕ್ಷೆ ಮಾಡಿ. ಟ್ರಾಫಿಕ್‌ನಲ್ಲಿ ಕಾರು ಚೆನ್ನಾಗಿ ಬಿಸಿಯಾದ ಮೇಲೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಅರ್ಧ ತುಂಬಿದ ನೀರಿನ ಬಾಟಲಿಯನ್ನು ಕಪ್ ಹೋಲ್ಡರ್‌ನಲ್ಲಿಡಿ. ಬ್ರೇಕ್ ಗಟ್ಟಿಯಾಗಿ ಒತ್ತಿಕೊಂಡು ಮೊದಲು ನ್ಯೂಟ್ರಲ್, ಆಮೇಲೆ ಡ್ರೈವ್‌ಗೆ ಹಾಕಿ ನೀರು ನೋಡಿ. ನ್ಯೂಟ್ರಲ್‌ನಲ್ಲೂ ಜಾಸ್ತಿ ಅದುರಿದರೆ ಪೆಟ್ರೋಲ್ ಸರಿಯಾಗಿ ಉರಿಯದೆ ಎಂಜಿನ್ನೇ ಮಿಸ್ ಹೊಡೆಯುತ್ತಿರಬಹುದು (ಮಿಸ್‌ಫೈರ್), ಪ್ಲಗ್, ಕಾಯಿಲ್ ನೋಡಿಸಿ. ಡ್ರೈವ್‌ನಲ್ಲಿ ನಿಂತಲ್ಲೇ ಅದುರಿದರೆ ಎಂಜಿನ್ ಮೌಂಟಿಂಗ್ (ಎಂಜಿನ್ ಕೂರುವ ರಬ್ಬರ್ ಆಧಾರ) ಮೇಲೆ ಅನುಮಾನ. ಎರಡರಲ್ಲೂ ನೀರು ಶಾಂತವಾಗಿದ್ದು, ಬ್ರೇಕ್ ಬಿಟ್ಟು ಕಾರು ಹೊರಟಾಗ ಮಾತ್ರ ಕುಣಿದರೆ ಕ್ಲಚ್ ಎಂದೇ ಹಿಡಿಯಿರಿ.

ಇನ್ನೊಂದು ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ. ಈ ಗೇರ್‌ಬಾಕ್ಸ್‌ನಲ್ಲಿ ಎರಡು ಕ್ಲಚ್ ಇರುತ್ತವೆ. 1, 3, 5ನೇ ಗೇರ್ ಒಂದರ ಪಾಲು. 2, 4, 6 ಇನ್ನೊಂದರದ್ದು. ಹಲವು ಕಾರುಗಳಲ್ಲಿ ರಿವರ್ಸ್ ಕೂಡ ಈ ಎರಡನೆಯದರ ಮೇಲೇ. ಹಾಗಾಗಿ ಮುಂದೆ ಹೊರಡುವಾಗ ನಡುಗಿ, ರಿವರ್ಸ್‌ನಲ್ಲಿ ನಯವಾಗಿ ಹೋದರೆ ತೊಂದರೆ ಒಂದು ಕ್ಲಚ್‌ನಲ್ಲಿ ಮಾತ್ರ ಇರಬಹುದು. ಹಾಗಿದ್ದಾಗ ಇಡೀ ಗೇರ್‌ಬಾಕ್ಸ್ ಬದಲಿಸುವುದು ಅನ್ಯಾಯ.

ಗೇರ್ ಆಯಿಲ್ ಮಾತು ಬಿಡಿ. ಸೀಲ್ ಸೋರದಿದ್ದರೆ ಡ್ರೈ ಕ್ಲಚ್‌ಗೆ ಆ ಎಣ್ಣೆ ತಾಗುವುದೇ ಇಲ್ಲ.

ಸ್ಕ್ಯಾನರ್ (ಕಾರಿನ ಕಂಪ್ಯೂಟರ್ ಓದುವ ಸಾಧನ) ಇರುವ ಗ್ಯಾರೇಜ್‌ನಲ್ಲಿ ಕ್ಲಚ್ ಸವೆತದ ಅಳತೆ, ಬಿಸಿಯ ದಾಖಲೆ, ಮಿಸ್‌ಫೈರ್ ಕೋಡ್ ಮೂರನ್ನೂ ನೋಡಿಸಿ, ಪ್ರಿಂಟ್ ತಗೊಳ್ಳಿ. ಸವೆತ ಕಡಿಮೆ ಇದ್ದರೆ ಕ್ಲಚ್ ಎಲ್ಲಿ ಹಿಡಿಯುತ್ತದೆ ಎಂಬುದನ್ನು ಗೇರ್‌ಬಾಕ್ಸ್‌ನ ಕಂಪ್ಯೂಟರ್‌ಗೆ ಸ್ಕ್ಯಾನರ್‌ನಿಂದಲೇ ಮತ್ತೆ ಕಲಿಸಬಹುದು. ಮೊದಲು ಅದನ್ನೇ ಮಾಡಿಸಿ. ಅಲ್ಲಿಯವರೆಗೆ ಟ್ರಾಫಿಕ್‌ನಲ್ಲಿ ಇಂಚಿಂಚು ತೆವಳಬೇಡಿ. ಮುಂದಿನ ಗಾಡಿ ಒಂದೆರಡು ಕಾರಿನಷ್ಟು ಜಾಗ ಬಿಟ್ಟ ಮೇಲೆ ಒಂದೇ ಸಲ ಹೋಗಿ ನಿಲ್ಲಿ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಕಾರು ಹಿಡಿದಿಡಬೇಡಿ, ಬ್ರೇಕ್ ಹಾಕಿ.

ಕ್ಲಚ್ ಬದಲಿಸಲೇಬೇಕಾಗಿ ಬಂದರೆ, ಬಿಚ್ಚುವಾಗ ನೀವೂ ಹತ್ತಿರ ಇರಿ. ಕ್ಲಚ್ ಕೂರುವ ಗೂಡಿನೊಳಗೆ ಎಣ್ಣೆ ಪಸೆ ಇದೆಯಾ ಅಂತ ಟಾರ್ಚ್ ಹಾಕಿ ನೋಡಿ. ಇದ್ದರೆ ಸೋರುತ್ತಿರುವ ಆಯಿಲ್ ಸೀಲ್ ಕೂಡ ಬದಲಿಸಿ. ಇಲ್ಲದಿದ್ದರೆ ಹೊಸ ಪ್ಲೇಟ್‌ಗೂ ಎಣ್ಣೆ ಹತ್ತಿ ಅದೇ ನಡುಕ ಮತ್ತೆ ಶುರುವಾಗುತ್ತದೆ.