ಗೂಬೆ ನೀಹಾರಿಕೆ ಏಕೆ ಕಾಣಲಿಲ್ಲ?

ಪ್ರಶ್ನೆ: ಸಪ್ತರ್ಷಿ ಮಂಡಲದಲ್ಲಿರುವ ಗೂಬೆ ನೀಹಾರಿಕೆಯ (ಗೂಬೆಯ ಮುಖದಂತೆ ಕಾಣುವ ಅನಿಲ ಮೋಡದ) ಚಿತ್ರ ನೋಡಿ, ಮನೆಯ ಮಾಳಿಗೆಯ ಮೇಲಿಂದ ಮೂರು ಇಂಚಿನ ದೂರದರ್ಶಕದಲ್ಲಿ ಎರಡು ರಾತ್ರಿ ಹುಡುಕಿದೆ. ಹಸಿರು ಮುಖವಾಗಲಿ ಎರಡು ಕಣ್ಣುಗಳಾಗಲಿ ಕಾಣಲಿಲ್ಲ. ದೋಷ ದೂರದರ್ಶಕದ್ದೇ, ನನ್ನದೇ?
– ಓದುಗರೊಬ್ಬರು, ಕುಷ್ಟಗಿ ತಾಲ್ಲೂಕು, ಕೊಪ್ಪಳ ಜಿಲ್ಲೆ

ಉತ್ತರ: ದೋಷವೇನಿದ್ದರೂ ಆ ಚಿತ್ರ ಹುಟ್ಟಿಸಿದ ನಿರೀಕ್ಷೆಯದು. ಕ್ಯಾಮೆರಾ ಗಂಟೆಗಟ್ಟಲೆ ಬೆಳಕನ್ನು ಕೂಡಿಹಾಕಬಲ್ಲದು, ಕಣ್ಣಿಗೆ ಆ ಶಕ್ತಿಯಿಲ್ಲ. ಫ್ರಾನ್ಸಿನ ಖಗೋಳಜ್ಞ ಪಿಯರ್ ಮೆಶೆನ್ 1781ರಲ್ಲಿ ಗುರುತಿಸಿದ ಈ ನೀಹಾರಿಕೆಯ ಕಾಂತಿಮಾನ ಸುಮಾರು 10 (ಈ ಅಂಕಿ ಹೆಚ್ಚಿದಷ್ಟೂ ಬೆಳಕು ಕಡಿಮೆ). ಆ ಅಲ್ಪ ಬೆಳಕೂ ಒಂದು ಚುಕ್ಕೆಯಲ್ಲಿ ನಿಲ್ಲದೆ, ಚಂದ್ರಬಿಂಬದ ಒಂಬತ್ತನೇ ಒಂದರಷ್ಟು ಅಗಲಕ್ಕೆ ಹರಡಿಕೊಂಡಿರುವುದರಿಂದ, ಅಷ್ಟೇ ಕಾಂತಿಯ ನಕ್ಷತ್ರ ಕಂಡರೂ ಇದು ಕಾಣದೇ ಹೋಗಬಹುದು. ಕಣ್ಣುಗಳ ಆಸೆಯನ್ನಂತೂ ಸದ್ಯಕ್ಕೆ ಬಿಡಿ. 1848ರಲ್ಲಿ ಅವನ್ನು ಚಿತ್ರಿಸಿದ ಐರ್ಲೆಂಡಿನ ಖಗೋಳಜ್ಞ ಲಾರ್ಡ್ ರಾಸ್ ಅವರ ಬಳಿ 6 ಅಡಿ ಅಗಲದ ಕನ್ನಡಿಯ ದೂರದರ್ಶಕವಿತ್ತು!

ಹಸಿರು ಬಣ್ಣ ಸುಳ್ಳಲ್ಲ. ಮುಪ್ಪಿನ ನಕ್ಷತ್ರವೊಂದು ಹೊರಚೆಲ್ಲಿದ ಅನಿಲಕ್ಕೆ ಅದರ ಬಿಸಿ ತಿರುಳಿನ ನೇರಳಾತೀತ ಕಿರಣಗಳು ತಗುಲಿದಾಗ, ಎರಡೆರಡು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕ ಆ ಬಣ್ಣವನ್ನು ಸೂಸುತ್ತದೆ. ಆದರೆ ಇಷ್ಟು ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಬಣ್ಣ ಗುರುತಿಸದು. ನೀವು ಹುಡುಕಬೇಕಾದದ್ದು ಗಾಜಿನ ಮೇಲೆ ಬಿಟ್ಟ ಉಸಿರಿನಂಥ ಬೂದು ಕಲೆಯನ್ನು.

ಏಪ್ರಿಲ್ ಕೊನೆಯಲ್ಲಿ, ಅಮಾವಾಸ್ಯೆಯ ಆಸುಪಾಸು, ರಾತ್ರಿ 9ರ ಹೊತ್ತಿಗೆ ನಿಮ್ಮೂರಿನ ಉತ್ತರ ದಿಕ್ಕಿನಲ್ಲಿ ಇದು ಸುಮಾರು 50 ಡಿಗ್ರಿ ಎತ್ತರದಲ್ಲಿರುತ್ತದೆ. ಬೇಸಿಗೆಯ ಧೂಳು ದಟ್ಟವಾಗಿರುವ ದಿಗಂತದಿಂದ ಅದು ಸಾಕಷ್ಟು ಮೇಲೆ. ಸಪ್ತರ್ಷಿ ಮಂಡಲದ ಪುಲಹ (ಮೆರಾಕ್) ನಕ್ಷತ್ರದಿಂದ ಪುಲಸ್ತ್ಯ (ಫೆಕ್ಡಾ) ನಕ್ಷತ್ರದ ಕಡೆಗೆ ಕಾಲುಭಾಗ ಸರಿದು, ಆ ಗೆರೆಯಿಂದ ತುಸು ದಕ್ಷಿಣಕ್ಕೆ ನೋಡಿ. ಮೊದಲು ಕಡಿಮೆ ವರ್ಧನೆಯ ಕಣ್ಣುಮಸೂರವನ್ನೇ ಬಳಸಿ. ಮಾಳಿಗೆಗಿಂತ ಊರಾಚೆಯ ಎರೆಹೊಲ ಮೇಲು. ಅಲ್ಲಿ ಅರ್ಧ ಗಂಟೆ ಕತ್ತಲಿಗೆ ಕಣ್ಣು ಒಗ್ಗಿಸಿಕೊಳ್ಳಬೇಕು. ಹೊಲದ ದಾರಿಯಲ್ಲಿ ಬರುವ ಒಂದೇ ಬೈಕಿನ ದೀಪ ಆ ಸಿದ್ಧತೆಯನ್ನೆಲ್ಲ ಕೆಡಿಸುತ್ತದೆ, ಮೊಬೈಲಿನ ಪರದೆಯೂ ಅಷ್ಟೆ.

ಮಂದ ಬೆಳಕನ್ನು ಗ್ರಹಿಸುವ ಕೋಶಗಳು ಕಣ್ಣಿನ ಒಳಪರದೆಯಾದ ಅಕ್ಷಿಪಟಲದ ನಟ್ಟನಡುವೆ ಇಲ್ಲ, ಸುತ್ತಲೂ ಇವೆ. ಆದ್ದರಿಂದ ನೀಹಾರಿಕೆ ಇರಬೇಕಾದ ಜಾಗವನ್ನು ದಿಟ್ಟಿಸದೆ, ತುಸು ಪಕ್ಕಕ್ಕೆ ನೋಡಿ. ಆಗಲೂ ಅನುಮಾನವೆನಿಸಿದರೆ ದೂರದರ್ಶಕದ ಕೊಳವೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ನಿಶ್ಚಲವಾಗಿದ್ದಾಗ ಕಾಣದ ಕಲೆ ಅಲುಗಿದಾಗ ಗಮನಕ್ಕೆ ಬರುವುದುಂಟು.