ಒಂದೇ ದಿನ ಇದ್ದರೆ ಡೆಲ್ಫ್ಟ್‌ಗೆ ಹೋಗಿ

ಆಮ್‌ಸ್ಟರ್‌ಡ್ಯಾಮ್‌ಗೆ ತಂದೆ-ತಾಯಿಯ ಜೊತೆ ಬರುತ್ತಿದ್ದೀರಿ, ಕಾಲುವೆಗಳಿರುವ ಹಳೇ ಊರೊಂದನ್ನು ಒಂದು ದಿನದಲ್ಲಿ ನೋಡಬೇಕು, ಗೀತ್‌ಹೋರ್ನ್ ಆಗಬಹುದಾ ಅಂತ ಕೇಳಿದ್ದೀರಿ. ಗೀತ್‌ಹೋರ್ನ್ ಚೆಂದವೇ. ಆದರೆ ರೈಲು, ಬಸ್ಸು ಸೇರಿ ಹೋಗುವುದಕ್ಕೇ ಎರಡು ಗಂಟೆ ಹಿಡಿಯುತ್ತದೆ. ವಯಸ್ಸಾದವರಿಗೆ ಸುಸ್ತು. ನಾನು ಕೆಲಸದ ಮೇಲೆ ನೆದರ್ಲೆಂಡ್ಸ್‌ನಲ್ಲೇ ಇದ್ದೇನೆ, ಊರಿಂದ ಯಾರು ಬಂದರೂ ಡೆಲ್ಫ್ಟ್‌ಗೆ ಕರೆದುಕೊಂಡು ಹೋಗುತ್ತೇನೆ.

ರೈಲಿನಲ್ಲಿ ಸುಮಾರು ಒಂದು ಗಂಟೆ. ಬ್ಯಾಂಕ್ ಕಾರ್ಡನ್ನೇ ಹತ್ತುವ ಮೊದಲು, ಇಳಿದ ಮೇಲೆ ಟ್ಯಾಪ್ ಮಾಡಿದರೆ ಸಾಕು, ಆದರೆ ಒಬ್ಬೊಬ್ಬರಿಗೂ ಬೇರೆ ಬೇರೆ ಕಾರ್ಡ್ ಬೇಕು. ಭಾನುವಾರ ಬೇಡ, ಅವತ್ತು ಪ್ರಾರ್ಥನೆ ಇರುವುದರಿಂದ ಎರಡು ದೊಡ್ಡ ಚರ್ಚುಗಳೂ ಪ್ರವಾಸಿಗರಿಗೆ ತೆರೆದಿರುವುದಿಲ್ಲ. ಗುರುವಾರವಾದರೆ ಚೌಕದಲ್ಲಿ ಸಂತೆ ಸಿಗುತ್ತದೆ.

ಮೊದಲು ಹಳೇ ಚರ್ಚಿಗೆ ಹೋಗಿ. ಕಾಲುವೆಯ ಪಕ್ಕದ ಮೆತ್ತನೆ ನೆಲದಲ್ಲಿ ಕಟ್ಟಿದ 75 ಮೀಟರ್ ಗೋಪುರ ಸುಮಾರು ಎರಡು ಮೀಟರ್ ವಾಲಿದೆ. ಒಳಗೆ ನೆಲದಲ್ಲಿ ಚಿತ್ರಕಾರ ವರ್ಮೀರ್‌ನ ಸಮಾಧಿ ಕಲ್ಲಿದೆ. ಸೂಕ್ಷ್ಮದರ್ಶಕದಲ್ಲಿ ಬ್ಯಾಕ್ಟೀರಿಯಾವನ್ನು ಮೊದಲು ಕಂಡ ಲೇವನ್‌ಹುಕ್‌ನ ಸಮಾಧಿಯೂ ಅಲ್ಲೇ. ಇಬ್ಬರೂ 1632ರಲ್ಲಿ ಇದೇ ಊರಲ್ಲಿ ಹುಟ್ಟಿದವರು. ವರ್ಮೀರ್ ಸಾಲ ಬಿಟ್ಟು ಸತ್ತಾಗ ಅವನ ಆಸ್ತಿಯ ಲೆಕ್ಕಾಚಾರ ನೋಡಿಕೊಳ್ಳಲು ನೇಮಕವಾದವನು ಇದೇ ಲೇವನ್‌ಹುಕ್. ಇಷ್ಟು ಪುಟ್ಟ ಊರಲ್ಲಿ ಇಂಥ ಇಬ್ಬರು! ನನಗೆ ಆ ಚರ್ಚಿನಿಂದ ಬೇಗ ಹೊರಗೆ ಬರಲು ಮನಸ್ಸೇ ಆಗುವುದಿಲ್ಲ.

ಹೊಸ ಚರ್ಚಿಗೂ ಅದೇ ಟಿಕೆಟ್ ನಡೆಯುತ್ತದೆ. 1584ರಲ್ಲಿ ಇದೇ ಊರಲ್ಲಿ ಗುಂಡೇಟಿಗೆ ಬಲಿಯಾದ, ಸ್ಪೇನ್ ವಿರುದ್ಧದ ಡಚ್ಚರ ದಂಗೆಯ ನಾಯಕ ವಿಲಿಯಂ ಆಫ್ ಆರೆಂಜ್‌ನ ಸಮಾಧಿ ಅಲ್ಲಿದೆ. ಅವನ ಕಾಲ ಬಳಿ ಮಲಗಿರುವ ಕಲ್ಲಿನ ನಾಯಿಯನ್ನು ತಪ್ಪದೆ ನೋಡಿ. ಗೋಪುರಕ್ಕೆ 376 ಮೆಟ್ಟಿಲು, ಅದೂ ಇಕ್ಕಟ್ಟು. ನೀವು ಹತ್ತಿ ಬನ್ನಿ, ಅಪ್ಪ ಅಮ್ಮ ಕೆಳಗೆ ಕಾಫಿ ಕುಡಿಯಲಿ.

ಊಟಕ್ಕೆ ಪ್ಯಾನ್‌ಕೇಕ್ ಒಳ್ಳೆಯದು. ಸಸ್ಯಾಹಾರಿಗಳಾದರೆ ಮೆನುವಿನಲ್ಲಿ 'ಸ್ಪೆಕ್' ಅಂತ ಇದ್ದದ್ದನ್ನು ಬಿಡಿ, ಅದು ಹಂದಿಮಾಂಸ.

ಮಧ್ಯಾಹ್ನ ನೀಲಿ-ಬಿಳಿ ಪಾತ್ರೆ ಮಾಡುವ ರಾಯಲ್ ಡೆಲ್ಫ್ಟ್ ಕಾರ್ಖಾನೆಗೆ ಹೋಗಿ. 1653ರಿಂದ ನಡೆಯುತ್ತಿದೆ. ಚೀನಾದ ಪಿಂಗಾಣಿಗೆ ಇಲ್ಲಿ ಹುಚ್ಚು ಬೇಡಿಕೆ ಇದ್ದ ಕಾಲದಲ್ಲಿ, ಅಲ್ಲಿಂದ ಸರಕು ಬರುವುದು ಕಮ್ಮಿಯಾದಾಗ ಡೆಲ್ಫ್ಟ್‌ನ ಕುಂಬಾರರು ತಾವೇ ಆ ನೀಲಿ-ಬಿಳಿ ಪಾತ್ರೆಗಳನ್ನು ಮಾಡಿ ಹೆಸರು ಮಾಡಿದರು. ಕೈಯಲ್ಲಿ ಚಿತ್ರ ಬರೆಯುವವರನ್ನು ಹತ್ತಿರದಿಂದ ನೋಡಬಹುದು. ಕುಂಚದಲ್ಲಿರುವುದು ಕಪ್ಪು ಬಣ್ಣ! ಅದು ಕೋಬಾಲ್ಟ್. ಭಟ್ಟಿಯಲ್ಲಿ ಬೆಂದ ಮೇಲಷ್ಟೇ ನೀಲಿಯಾಗುತ್ತದೆ. ಎಲ್ಲಿ ಗಾಢ, ಎಲ್ಲಿ ತಿಳಿ ಅನ್ನುವುದೆಲ್ಲ ಬಣ್ಣಕ್ಕೆ ಎಷ್ಟು ನೀರು ಬೆರೆಸಿದರು ಅನ್ನುವುದರ ಮೇಲೆ. ಅಂದರೆ ಬರೆಯುವವರು ಕಣ್ಣಿಗೆ ಕಾಣದ ನೀಲಿಯನ್ನು ಅಂದಾಜಿನಲ್ಲೇ ಬರೆಯುತ್ತಾರೆ, ಎಂಥ ಕೈ ಬೇಕು ಅಲ್ವಾ? ಇದನ್ನು ನೋಡಿದ ಮೇಲೆ ಕೈಯಲ್ಲಿ ಚಿತ್ರ ಬರೆದ ತಟ್ಟೆಗೆ ಅಷ್ಟು ಬೆಲೆ ಯಾಕೆ ಅಂತ ಯಾರೂ ಕೇಳುವುದಿಲ್ಲ. ಚೌಕದ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವುದರಲ್ಲಿ ಅಚ್ಚು ಹಾಕಿದ್ದೇ ಜಾಸ್ತಿ.

ಕಾಲುವೆಗಳಿಗೆ ಹೆಚ್ಚಿನ ಕಡೆ ಕಟಕಟೆ ಇಲ್ಲ, ಸೈಕಲ್‌ಗಳು ಸದ್ದಿಲ್ಲದೆ ಬರುತ್ತವೆ. ಫೋಟೋ ತೆಗೆಯುವಾಗ ಸುಮ್ನೆ ಹಿಂದೆ ಹಿಂದೆ ಹೆಜ್ಜೆ ಇಡಬೇಡಿ.

ಪಕ್ಕದಲ್ಲೇ ಹೇಗ್ ಇದೆ, ಅದನ್ನೂ ಮುಗಿಸಿಬಿಡೋಣ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ವರ್ಮೀರ್‌ನ ಮೂಲ ಚಿತ್ರ ಒಂದೂ ಡೆಲ್ಫ್ಟ್‌ನಲ್ಲಿಲ್ಲ. ಅವನು ಬರೆದ ಡೆಲ್ಫ್ಟ್‌ನ ನೋಟ ಹೇಗ್‌ನ ಮೌರಿಟ್ಸ್‌ಹೌಸ್ ಮ್ಯೂಸಿಯಂನಲ್ಲಿದೆ. ಇನ್ನೊಂದು ದಿನ ಉಳಿದರೆ ಅದಕ್ಕೆಂದೇ ಹೋಗಿ.